ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದ ಜೀಪು

ಮಲೆನಾಡಿನ ಹಳೆ ಮನೆಗಳ ಅಂಗಳದಲ್ಲಿ ಡೀಸೆಲ್ ಜೀಪು ನಿಂತಿದ್ದರೆ ಅದರ ಮೂತಿ ಯಾವ ಕಡೆಗಿದೆ ಅಂತ ಒಮ್ಮೆ ನೋಡಿ. ಹೆಚ್ಚಿನ ಪಾಲು ಇಳಿಜಾರಿನ ಕಡೆಗೇ ಇರುತ್ತದೆ. ಮುಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟಿರುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಕೀ ತಿರುಗಿಸಿ, ಎರಡನೇ ಗೇರಿಗೆ ಹಾಕಿ, ಗಾಡಿ ಉರುಳತೊಡಗಿದ ಮೇಲೆ ಕ್ಲಚ್ ಬಿಟ್ಟರೆ ಮುಗಿಯಿತು, ಗಡಗಡ ಎಂದು ಸ್ಟಾರ್ಟ್ ಆಗುತ್ತದೆ. ಸೆಲ್ಫ್ ಮೋಟಾರು ಅಂತ ಒಂದು ಇದೆ ಅನ್ನೋದೇ ಮನೆಯವರಿಗೆ ಮರೆತುಹೋಗಿರುತ್ತದೆ.

ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿದ್ದ ನಮ್ಮ ಚಿಕ್ಕಪ್ಪನ ಜೀಪು ವರ್ಷಗಟ್ಟಲೆ ಹೀಗೇ ಬಾಳಿತು. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ ಎಲ್ಲಾ ಹೊತ್ತಿದೆ. 3 ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಮೀಟರಿನ ಕೇಬಲ್ ತುಂಡಾಯಿತು, ಯಾರೂ ಹಾಕಿಸಲಿಲ್ಲ. 15 ವರ್ಷ ಆದಾಗ ಆರ್‌ಸಿ ರಿನ್ಯೂ ಮಾಡಿಸಿ ಹಸಿರು ತೆರಿಗೆಯನ್ನೂ ಕಟ್ಟಿದ್ದಾಯಿತು. ಆಮೇಲೆ ಚಿಕ್ಕಪ್ಪ ಶಿವಮೊಗ್ಗಕ್ಕೆ ಮಗನ ಮನೆಗೆ ಬಂದರು, ಜೀಪೂ ಜೊತೆಗೆ ಬಂತು. ಅಲ್ಲಿ ಲೇಔಟು, ಸೈಟು, ಸಪಾಟು ಕಾಂಕ್ರೀಟ್ ರಸ್ತೆ. ಬಂದ ಮಾರನೇ ಬೆಳಿಗ್ಗೆಯೇ ಜೀಪು ಮುಷ್ಕರ ಹೂಡಿತು.

ಲಕ್ಷಣ ಇಷ್ಟು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಭಾರವಾಗಿ, ನಿಧಾನಕ್ಕೆ ತಿರುಗುತ್ತದೆ. ಬಿಟ್ಟು ಬಿಟ್ಟು ಹೊಡೆಯುತ್ತಲೇ ಇರಬೇಕು. ಕೊನೆಗೆ ಒಂದು ಸಿಲಿಂಡರ್ ಹಿಡಿಯುತ್ತದೆ, ಆಮೇಲೆ ಇನ್ನೊಂದು. ಇಡೀ ಗಾಡಿ ನಡುಗುತ್ತದೆ, ಪಕ್ಕದ ಮನೆಯ ಕಾಂಪೌಂಡಿನೊಳಗೆಲ್ಲ ಬಿಳಿ ಹೊಗೆ. ಒಮ್ಮೆ ಸ್ಟಾರ್ಟ್ ಆಯಿತೋ, ಆಮೇಲೆ ದಿನವಿಡೀ ಏನೂ ತಕರಾರಿಲ್ಲ. ಸಂಜೆ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್.

ಇಂಥ ಹೊತ್ತಲ್ಲಿ ಸಲಹೆಗೆ ಬರಗಾಲವೇ? ಬ್ಯಾಟರಿ ಅಂಗಡಿಯವರು ಬ್ಯಾಟರಿ ಹೋಗಿದೆ ಎಂದರು. ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, ಹೊಸದು ಹಾಕಿಸಿದ, ನಾಲ್ಕಾಣೆ ವ್ಯತ್ಯಾಸ ಆಯಿತು. ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಸರ್ವಿಸ್ ಮಾಡುವವರು ಪಂಪ್ ಬಿಚ್ಚಬೇಕು ಎಂದರು. ಲೇತ್ ಕೆಲಸದವರ ಪ್ರಕಾರ ಇಷ್ಟು ಓಡಿದ ಎಂಜಿನ್ನಿಗೆ ಬೋರ್ ಕೆಲಸ (ಸವೆದ ಸಿಲಿಂಡರ್ ಕೊರೆದು ಸರಿಮಾಡುವುದು) ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅವರವರ ಅಂಗಡಿಯಲ್ಲಿ ಏನಿದೆಯೋ ಅದೇ ಗಾಡಿಯ ಕಾಯಿಲೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ ಅನ್ನೋದೇ ಇಲ್ಲಿ ತಮಾಷೆ. ಹಳೆ ಗಾಡಿಯ ತೊಂದರೆ ಕೂಡುಕುಟುಂಬದ ಜಗಳದ ಹಾಗೆ. ಎಲ್ಲರದ್ದೂ ಸ್ವಲ್ಪ ಸ್ವಲ್ಪ ಪಾಲಿರುತ್ತದೆ, ಒಬ್ಬರನ್ನೇ ಹಿಡಿದು ಬೈದರೆ ಬಗೆಹರಿಯೋದಿಲ್ಲ.

ಚಿಕ್ಕಪ್ಪನ ಹಳೆ ಪರಿಚಯದ ಮೇಸ್ತ್ರಿ ಒಬ್ಬರಿದ್ದರು. ಗ್ಯಾರೇಜ್ ಮುಚ್ಚಿ ಮನೆಯಲ್ಲೇ ಇದ್ದರು. ಅವರನ್ನು ಕರೆತಂದಾಗ ಸ್ಪ್ಯಾನರ್ ಕೂಡ ತಂದಿರಲಿಲ್ಲ. ಬಾನೆಟ್ ತೆಗೆಯಲು ಹೋದ ತಮ್ಮನನ್ನು ತಡೆದು, "ಮೊದಲು ಹೇಳಿ, ಯಾವಾಗ ತೊಂದರೆ?" ಎಂದರು. ಚಳಿಯಲ್ಲಿ ಮಾತ್ರವೋ, ಬಿಸಿಯಾದಾಗ ಮಾತ್ರವೋ, ಎರಡೂ ಹೊತ್ತಿನಲ್ಲೋ? ಆಮೇಲೆ ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿ ತಾವು ಸೈಲೆನ್ಸರಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು.

ಈ ಹೊಗೆ ನೋಡುವ ವಿದ್ಯೆಗೆ ಕಾಸು ಖರ್ಚಿಲ್ಲ. ಡೀಸೆಲ್ ಎಂಜಿನ್ ತಿರುಗುತ್ತಿದೆ, ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಬಂದಿದೆ, ಉರಿಯುವಷ್ಟು ಬಿಸಿ ಸಿಗುತ್ತಿಲ್ಲ; ಉರಿಯದ ಡೀಸೆಲ್ಲೇ ಮಂಜಾಗಿ ಹೊರಗೆ ಬರುತ್ತದೆ. ಕಣ್ಣು ಉರಿಯುತ್ತದೆ, ವಾಸನೆಯೇ ಹೇಳುತ್ತದೆ. ಕಪ್ಪಾದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ.

ನಮ್ಮ ಜೀಪು ಎರಡು ಬಗೆಯಾಗಿ ನಡೆದುಕೊಂಡಿತು. ಮೊದಲಿನ ಉದ್ದದ ಸೆಲ್ಫಿಗೆ ಸೈಲೆನ್ಸರ್ ಬಾಯಲ್ಲಿ ಏನೂ ಇಲ್ಲ, ಬರೀ ಗಾಳಿ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೊಡೆದಾಗ ದಟ್ಟ ಬಿಳಿ ಹೊಗೆ. ಮೇಸ್ತ್ರಿ ಕೈ ಒರೆಸಿಕೊಂಡು ಎದ್ದರು. "ಒಂದಲ್ಲ. ಮೊದಲು ಡೀಸೆಲ್ ಬರ್ತಿಲ್ಲ. ಬಂದ ಮೇಲೆ ಬಿಸಿ ಸಾಲ್ತಿಲ್ಲ. ಸೆಲ್ಫೂ ಸೋಮಾರಿ."

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತಿ ಹಿಡಿಯುವುದರಿಂದಲೇ ಅದು ಕಾಯುತ್ತದೆ. ಎಲ್ಲ ಸರಿ ಇದ್ದರೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗೆ ಡೀಸೆಲ್ ಹನಿ ಸಿಂಪಡಿಸಿದರೆ ತಾನಾಗೇ ಹತ್ತಿಕೊಳ್ಳುತ್ತದೆ. ಆದರೆ ಎಂಜಿನ್ ನಿಧಾನಕ್ಕೆ ತಿರುಗಿದರೆ ಒತ್ತಿದ ಗಾಳಿ ಪಿಸ್ಟನ್ ರಿಂಗಿನ ಸಂದಿಯಿಂದ ನುಸುಳಿ ಹೋಗಲು ಸಮಯ ಸಿಗುತ್ತದೆ, ಇದ್ದ ಬಿಸಿಯನ್ನೂ ತಣ್ಣನೆಯ ಕಬ್ಬಿಣ ಹೀರಿಕೊಳ್ಳುತ್ತದೆ. ಹಾಗಾಗಿ ಸವೆದ ರಿಂಗಿನ ಎಂಜಿನ್ನೂ ಸೋಮಾರಿ ಸೆಲ್ಫಿನ ಎಂಜಿನ್ನೂ ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತವೆ. ಬೋರ್ ಕೆಲಸ ಅಂತ ಎಂಜಿನ್ ಇಳಿಸಿದ ಎಷ್ಟೋ ಜೀಪುಗಳಿಗೆ ನಿಜಕ್ಕೂ ಬೇಕಿದ್ದದ್ದು ಒಂದು ವೈರು ಇರಬಹುದು ಅನ್ನೋದು ನನ್ನ ಗುಮಾನಿ.

ವೈರಿನ ಕತೆಗೇ ಬರೋಣ. ನಾನು ಈ ಪುರಾಣ ಬರೆಯಲು ಕೂತಿದ್ದೇ ಇದಕ್ಕಾಗಿ.

ಸೆಲ್ಫ್ ಮೋಟಾರು ದೊಡ್ಡ ಹೊಟ್ಟೆಯ ಜೀವ. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ ತಿರುಗಿಸಲು 200-300 ಆಂಪಿಯರ್ ಎಳೆಯುತ್ತದೆ. ಇಷ್ಟು ಕರೆಂಟ್ ಹರಿಯುವಾಗ ದಾರಿಯಲ್ಲಿ ಓಮ್‌ನ ನೂರರಲ್ಲೊಂದು ಭಾಗದಷ್ಟು ತಡೆ ಇದ್ದರೂ ಎರಡು ಮೂರು ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಇಷ್ಟು ಸಣ್ಣ ತಡೆ ಮಾಮೂಲಿ ಮಲ್ಟಿಮೀಟರಿನ ಓಮ್ ಸ್ಕೇಲಿನಲ್ಲಿ ಕಾಣೋದೇ ಇಲ್ಲ, ಸೊನ್ನೆ ತೋರಿಸುತ್ತದೆ. "ವೈರ್ ಚೆಕ್ ಮಾಡಿದೆ, ಸರಿ ಇದೆ" ಅಂತ ಎಲೆಕ್ಟ್ರಿಷಿಯನ್ ಹೇಳುವುದು ಈ ಸೊನ್ನೆಯನ್ನು ನೋಡಿಯೇ. ಲೋಡ್ ಬಿದ್ದಾಗ, ಅಂದರೆ ಸೆಲ್ಫ್ ಹೊಡೆಯುತ್ತಿರುವಾಗಲೇ, ಎಲ್ಲಿ ಎಷ್ಟು ವೋಲ್ಟ್ ಬೀಳುತ್ತಿದೆ ಅಂತ ಅಳೆಯಬೇಕು.

ಮೊದಲು ಪಂಪಿನಲ್ಲಿ ಡೀಸೆಲ್ ದಾರಿ ತೆರೆಯುವ ಸೊಲೆನಾಯ್ಡಿನ ವೈರು ಕಿತ್ತು, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿಕೊಂಡೆವು. ತಮ್ಮ ಸೆಲ್ಫ್ ಹೊಡೆದ, ನಾನು ಮೀಟರ್ ಹಿಡಿದೆ. ಬ್ಯಾಟರಿಯ ಎರಡು ಕಂಬಗಳ ನಡುವೆ 10.6 ವೋಲ್ಟ್. ಇದು ಚೆನ್ನಾಗೇ ಇದೆ, 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕು. ಬ್ಯಾಟರಿ ಪ್ಲಸ್ಸಿನಿಂದ ಸೆಲ್ಫ್ ಮೋಟಾರಿನ ಬೋಲ್ಟಿನವರೆಗೆ 0.4 ವೋಲ್ಟ್ ನಷ್ಟ. ಪರವಾಗಿಲ್ಲ. ಆಮೇಲೆ ಮೀಟರಿನ ಒಂದು ಮೊನೆ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ನೇರವಾಗಿ ಎಂಜಿನ್ ಬ್ಲಾಕಿಗೆ. 1.8 ವೋಲ್ಟ್! ಅರ್ಧ ವೋಲ್ಟ್ ದಾಟಬಾರದ ಜಾಗ ಅದು. ಹಾಗಾದರೆ ಮೋಟಾರಿಗೆ ನಿಜವಾಗಿ ಸಿಗುತ್ತಿದ್ದದ್ದು 8.4 ವೋಲ್ಟ್. ಹೊಸ ಬ್ಯಾಟರಿಯ ದುಡ್ಡೆಲ್ಲ ಅರ್ಥ್ ದಾರಿಯಲ್ಲಿ, ಅಂದರೆ ಕರೆಂಟ್ ಎಂಜಿನ್ನಿನಿಂದ ಚಾಸಿಯ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸಾಗುವ ದಾರಿಯಲ್ಲಿ, ಬಿಸಿಯಾಗಿ ಹೋಗುತ್ತಿತ್ತು.

ಮೇಸ್ತ್ರಿ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡು ಎಂದರು. ಬೆಚ್ಚಗಿತ್ತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯೋದಿಲ್ಲ. ಅದಕ್ಕೇ ಎಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಹೆಣಿಗೆಯ ಒಂದು ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿ ಹಾಳಾದರೆ ಕರೆಂಟ್ ಸುಮ್ನೆ ಇರುತ್ತದೆಯೇ? ಸಿಕ್ಕಿದ ದಾರಿ ಹಿಡಿಯುತ್ತದೆ: ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಸೈಲೆನ್ಸರ್ ಹ್ಯಾಂಗರ್. ಕೇಬಲ್ ಬಿಸಿಯಾದರೆ ಅರ್ಥ್ ಪಟ್ಟಿ ನೋಡು ಅನ್ನೋದು ಹಳೆಯ ಮೆಕ್ಯಾನಿಕ್‌ಗಳೆಲ್ಲ ಬಲ್ಲ ಗುಟ್ಟು.

ಜೀಪಿನಡಿ ಮಲಗಿ ಟಾರ್ಚ್ ಬಿಟ್ಟೆ. ಪಟ್ಟಿ ಇತ್ತು. ಹೊರಗಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ ಎಳೆದಾಗ ಹೆಣಿಗೆಯ ಅರ್ಧ ಎಳೆಗಳು ಕೈಯಲ್ಲೇ ಪುಡಿಯಾದವು. ಪಟ್ಟಿಯ ತುದಿಯಲ್ಲಿ ಬೋಲ್ಟ್ ತೂರಿಸುವ ಬಳೆಯ ಅಡಿಯಲ್ಲಿ ಹಸಿರು ಕಿಲುಬು, ಅದರ ಕೆಳಗೆ ಚಾಸಿಗೆ ಯಾವಾಗಲೋ ಹೊಡೆದ ಕಪ್ಪು ಪೇಂಟು. ಆ ಪೇಂಟಿನ ಮೇಲೇ ಬೋಲ್ಟ್ ಬಿಗಿದಿದ್ದರು. ಮಲೆನಾಡಿನ ಮಳೆ, ಕೆಸರು, ತಾಮ್ರ ಸೇರಿದರೆ ಇನ್ನೇನಾಗುತ್ತದೆ! ಹೊಸ ಪಟ್ಟಿ ತಂದು, ಚಾಸಿಯನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ ಬಿಗಿದ ಮೇಲೆ ನಷ್ಟ 0.2 ವೋಲ್ಟಿಗೆ ಇಳಿಯಿತು. ಸೆಲ್ಫಿನ ದನಿಯೇ ಬದಲಾಯಿತು.

ಆದರೂ ಬೆಳಿಗ್ಗೆ ಮೊದಲ ಸೆಲ್ಫಿಗೆ ಹೊಗೆ ಬರುತ್ತಿರಲಿಲ್ಲ. ಇಲ್ಲಿ ಮೇಸ್ತ್ರಿ ಮಾಡಿಸಿದ ಪರೀಕ್ಷೆ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಲೇಔಟಿನ ಕೊನೆಯಲ್ಲಿ ಕೆರೆ ಏರಿಯ ಹತ್ತಿರ ಸ್ವಲ್ಪ ಇಳಿಜಾರಿದೆ. "ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಬೆಳಿಗ್ಗೆ ಉರುಳಿಸಬೇಡಿ, ಸೆಲ್ಫ್ ಹೊಡೀರಿ" ಎಂದರು. ಬೇಗ ಹೊಗೆ ಬಂತು. ಮಾರನೇ ರಾತ್ರಿ ಅದೇ ಜಾಗದಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆವು. ಬೆಳಿಗ್ಗೆ ಎಷ್ಟು ಹೊಡೆದರೂ ಒಣ ಗಾಳಿ.

ಡೀಸೆಲ್ ಟ್ಯಾಂಕ್ ಹಿಂದಿದೆ, ಪಂಪ್ ಮುಂದಿದೆ. ಮೂತಿ ಕೆಳಗಿದ್ದರೆ ಟ್ಯಾಂಕ್ ಎತ್ತರದಲ್ಲಿರುತ್ತದೆ, ಪೈಪಿನಲ್ಲಿದ್ದ ಡೀಸೆಲ್ ಅಲ್ಲೇ ನಿಲ್ಲುತ್ತದೆ. ಮೂತಿ ಮೇಲಾದರೆ ಅದು ರಾತ್ರಿಯಿಡೀ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಆದರೆ ಎಲ್ಲಿಂದಾದರೂ ಗಾಳಿ ಒಳಗೆ ಬಂದರೆ ಮಾತ್ರ ಇಳಿಯಲು ಸಾಧ್ಯ. ಅಂದರೆ ಲೈನಿನಲ್ಲಿ ಎಲ್ಲೋ ತೂತಿದೆ.

"ಎಲ್ಲೂ ಡೀಸೆಲ್ ತೊಟ್ಟಿಕ್ತಿಲ್ವಲ್ಲ?" ಅಂತ ತಮ್ಮ ಕೇಳಿದ. ಬಹಳ ಜನ ಎಡವುವ ಜಾಗ ಇದು. ಟ್ಯಾಂಕಿನಿಂದ ಪಂಪಿನವರೆಗಿನ ಲೈನಿನಲ್ಲಿ ಡೀಸೆಲ್ಲನ್ನು ಎಳೆದುಕೊಳ್ಳುವುದು, ತಳ್ಳುವುದಲ್ಲ. ಅಲ್ಲಿ ಬಿರುಕು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರೋದಿಲ್ಲ. ನೆಲ ಒಣಗಿಯೇ ಇರುತ್ತದೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಹಾಕಿದೆವು. ಸೆಲ್ಫ್ ಹೊಡೆದಾಗ ಡೀಸೆಲ್ ಜೊತೆ ಸಾಲುಸಾಲಾಗಿ ಗುಳ್ಳೆ ಬಂತು.

ಗಾಳಿ ಹಿಡಿಯುವ ಜಾಗಗಳು ಇಂತಿಷ್ಟೇ: ಫಿಲ್ಟರ್ ತಲೆಯ ಹ್ಯಾಂಡ್ ಪಂಪಿನ ರಬ್ಬರ್, ಏರ್ ತೆಗೆಯುವ ಸ್ಕ್ರೂ, ಪೈಪ್ ಜೋಡಿಸುವ ಟೊಳ್ಳು ಬೋಲ್ಟಿನ (ಬಾಂಜೋ ಬೋಲ್ಟ್) ತಾಮ್ರದ ವಾಷರ್, ರಬ್ಬರ್ ಪೈಪಿನ ತುದಿಗಳು. ತಾಮ್ರದ ವಾಷರನ್ನು ಪ್ರತಿ ಸಲ ಬಿಚ್ಚಿದಾಗಲೂ ಹೊಸದು ಹಾಕಬೇಕು, ಯಾರೂ ಹಾಕೋದಿಲ್ಲ. ನಮ್ಮದರಲ್ಲಿ ಸಿಕ್ಕಿದ್ದು ಫಿಲ್ಟರಿಗೆ ಬರುವ ರಬ್ಬರ್ ಪೈಪು. ಮೇಲ್ನೋಟಕ್ಕೆ ಕಪ್ಪಗೆ ಮಿರಮಿರ ಇತ್ತು. ಕ್ಲಿಪ್ ಸಡಿಲಿಸಿ ತುದಿಯನ್ನು ಬೆರಳಲ್ಲಿ ಬಗ್ಗಿಸಿದಾಗ ಕ್ಲಿಪ್ ಕೂತಿದ್ದ ಗೆರೆಯುದ್ದಕ್ಕೂ ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು. ಅದಕ್ಕೆ ಆದ ಖರ್ಚು ಒಂದು ಹೊತ್ತಿನ ಊಟಕ್ಕಿಂತ ಕಡಿಮೆ.

ಪಂಪ್ ಬಿಚ್ಚಬೇಕು ಅಂದಿದ್ದರಲ್ಲ, ಆ ಪಂಪಿಗೆ ನಾವು ಕೈ ಹಚ್ಚಲೇ ಇಲ್ಲ. ನಮ್ಮ ಮೇಸ್ತ್ರಿ ಈಗಲೂ ಅದನ್ನು ಮೈಕೋ ಪಂಪು ಅಂತಲೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ದಶಕಗಟ್ಟಲೆ ಡೀಸೆಲ್ ಪಂಪು ಮಾಡಿತು. 2008ರಲ್ಲಿ ಹೆಸರು ಬಾಶ್ ಅಂತ ಬದಲಾದರೂ ಗ್ಯಾರೇಜುಗಳ ಬಾಯಲ್ಲಿ ಬದಲಾಗಿಲ್ಲ. ಒಂದು ಮಾತು ಮಾತ್ರ ನಿಜ: ಆ ಪಂಪಿನೊಳಗಿನ ಭಾಗಗಳ ಅಂತರ ಮೈಕ್ರಾನ್ ಲೆಕ್ಕದ್ದು. ಬೇರೆಲ್ಲ ನೋಡಿ ಮುಗಿಯುವ ಮುಂಚೆ ಅದನ್ನು ಬಿಚ್ಚಲು ಒಪ್ಪಬೇಡಿ.

ಮೂರನೆಯದು ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಕೊಡುವ ಗ್ಲೋ ಪ್ಲಗ್, ನಮ್ಮ ಕಡೆ ಹೀಟರ್ ಪ್ಲಗ್. ಎಲ್ಲ ಡೀಸೆಲ್ ಎಂಜಿನ್ನಿಗೂ ಇದು ಇರೋದಿಲ್ಲ, ಈ ಜೀಪಿನ ಪ್ರೀ-ಚೇಂಬರ್ ಎಂಜಿನ್ನಿಗೆ (ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹತ್ತಿಕೊಳ್ಳುವ ಬಗೆ) ಇದೆ. ನಾಲ್ಕು ಸಿಲಿಂಡರಿಗೆ ನಾಲ್ಕು. ಒಂದೇ ಪಟ್ಟಿಯಲ್ಲಿ ಜೋಡಿಸಿರುತ್ತಾರೆ. ಪಟ್ಟಿ ಬಿಚ್ಚಿ, ಬ್ಯಾಟರಿ ಪ್ಲಸ್ಸಿಗೆ ಸಿಕ್ಕಿಸಿದ ಟೆಸ್ಟ್ ಲ್ಯಾಂಪಿನ ಮೊನೆಯನ್ನು ಒಂದೊಂದರ ತಲೆಗೂ ಮುಟ್ಟಿಸಿದರೆ ಸಾಕು. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ನಮ್ಮದರಲ್ಲಿ ಎರಡು ಸತ್ತಿದ್ದವು. ಇವು ಒಟ್ಟಿಗೇ ಹೋಗೋದಿಲ್ಲ, ಒಂದೊಂದಾಗಿ ಹೋಗುತ್ತವೆ. ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. "ಈಗೀಗ ಸ್ವಲ್ಪ ಸತಾಯಿಸುತ್ತೆ" ಅಂತ ಒಂದಷ್ಟು ವರ್ಷ ತಳ್ಳಿಬಿಡುತ್ತೇವೆ.

ಇಷ್ಟೆಲ್ಲ ತೊಂದರೆ ಇಟ್ಟುಕೊಂಡು ತೀರ್ಥಹಳ್ಳಿಯಲ್ಲಿ ಈ ಗಾಡಿ ದಿನಾ ಓಡಿದ್ದು ಹೇಗೆ? ಇಳಿಜಾರು ಎಲ್ಲವನ್ನೂ ಮುಚ್ಚಿಹಾಕಿತ್ತು. ಮೂತಿ ಕೆಳಗಿದ್ದದ್ದರಿಂದ ಡೀಸೆಲ್ ಪಂಪಿನ ಬಾಯಲ್ಲೇ ಇರುತ್ತಿತ್ತು, ಪೈಪಿನ ಬಿರುಕು ಕಾಣಲಿಲ್ಲ. ಸೆಲ್ಫ್ ಹೊಡೆಯುವ ಪ್ರಸಂಗವೇ ಇಲ್ಲ, ಅರ್ಥ್ ಪಟ್ಟಿ ಪುಡಿಯಾದದ್ದು ತಿಳಿಯಲಿಲ್ಲ. ಇನ್ನು ಬಿಸಿ. ಸೆಲ್ಫ್ ಮೋಟಾರು ಎಂಜಿನ್ನನ್ನು ನಿಮಿಷಕ್ಕೆ 200 ಸುತ್ತು ತಿರುಗಿಸಿದರೆ ಹೆಚ್ಚು. ಉರುಳುವ ಜೀಪಿನಲ್ಲಿ ಎರಡನೇ ಗೇರಿಗೆ ಕ್ಲಚ್ ಬಿಟ್ಟರೆ ಅದರ ಮೂರು ನಾಲ್ಕು ಪಟ್ಟು ವೇಗ ಸಿಗುತ್ತದೆ. ಆ ವೇಗಕ್ಕೆ ಗಾಳಿ ನುಸುಳಲು ಪುರುಸೊತ್ತಿಲ್ಲ. ಹೀಟರ್ ಪ್ಲಗ್ ಇಲ್ಲದೆಯೂ ಹತ್ತಿಕೊಳ್ಳುತ್ತದೆ. ಚಿಕ್ಕಪ್ಪ ಇದನ್ನು ಕೇಳಿ, "ಅಂದ್ರೆ ನಮ್ಮ ಗುಡ್ಡವೇ ಮೆಕ್ಯಾನಿಕ್ ಆಗಿತ್ತು ಅನ್ನು" ಎಂದರು. ಮೆಕ್ಯಾನಿಕ್ ಏನೋ ಹೌದು, ಆದರೆ ಏನೂ ರಿಪೇರಿ ಮಾಡದ ಮೆಕ್ಯಾನಿಕ್.

ಹಾಗೇ "ಚಳಿಗೆ ಹಂಗೇ ಆಗುತ್ತೆ" ಅನ್ನುವ ಸಮಾಧಾನವನ್ನೂ ನಂಬಬೇಡಿ. ಲಡಾಖಿನಲ್ಲಿ ಡೀಸೆಲ್ ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ, ಅಲ್ಲಿಗೆ 2019ರಿಂದ ಬೇರೆ ಥರದ ಚಳಿಗಾಲದ ಡೀಸೆಲ್ಲೇ ಬರುತ್ತಿದೆ. ಶಿವಮೊಗ್ಗದ 15 ಡಿಗ್ರಿಗೆ ಸ್ಟಾರ್ಟ್ ಆಗದಿದ್ದರೆ ತಪ್ಪು ಹವೆಯದ್ದಲ್ಲ. ಇನ್ನೊಂದು, ಹಳೆ ಎಂಜಿನ್ ಹೊಗೆ ಬಿಡುತ್ತದೆ ಅಂತ ದಪ್ಪ ಆಯಿಲ್ ಹಾಕುವ ಚಾಳಿ. ಹೊಗೆ ಕಡಿಮೆಯಾಗಬಹುದು, ಆದರೆ ಬೆಳಗಿನ ಹೊತ್ತು ಸೆಲ್ಫ್ ಮೋಟಾರು ಆ ಗಟ್ಟಿ ಆಯಿಲ್‌ನೊಂದಿಗೆ ಗುದ್ದಾಡಬೇಕು. ಕಂಪನಿ ಹೇಳಿದ ಗ್ರೇಡೇ ಸರಿ. ಕ್ಲಚ್ ತುಳಿದು ಸೆಲ್ಫ್ ಹೊಡೆದರೆ ಗೇರ್‌ಬಾಕ್ಸಿನ ಭಾರವೂ ತಪ್ಪುತ್ತದೆ. ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮನೆ ಹೊಡೆಯಬೇಡಿ, ಮೋಟಾರಿನ ವೈಂಡಿಂಗ್ ಸುಡುತ್ತದೆ.

ಗಾಳಿ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವವರಿಗೆ ಒಂದು ಮಾತು. ಅದರಲ್ಲಿರುವ ಈಥರ್ 160 ಡಿಗ್ರಿಗೇ ಹತ್ತಿಕೊಳ್ಳುತ್ತದೆ. ಹೀಟರ್ ಪ್ಲಗ್ ಕಾದಿರುವ ಎಂಜಿನ್ನಿಗೆ ಅದನ್ನು ಕುಡಿಸಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದು ರಿಂಗೋ ಕನೆಕ್ಟಿಂಗ್ ರಾಡೋ ಹೋದೀತು.

ನಿಮ್ಮ ಗಾಡಿ ಇದಕ್ಕೆ ಉಲ್ಟಾ ಇರಬಹುದು. ಬೆಳಿಗ್ಗೆ ಸಲೀಸು, ಊರು ಸುತ್ತಿ ಬಂದು ಟೀ ಕುಡಿದು ಹೊರಟಾಗ ಕೈಕೊಡುತ್ತದೆ. ಹಳೆ ರೋಟರಿ ಪಂಪಿನ ಡೀಸೆಲ್ ಆದರೆ ಆಗ ಪಂಪಿನ ಮೇಲೆಯೇ ಮೊದಲ ಅನುಮಾನ. ಬಿಸಿ ಡೀಸೆಲ್ ನೀರಿನಷ್ಟು ತೆಳುವಾಗಿ ಸವೆದ ಸಂದಿಯಲ್ಲಿ ಸೋರುತ್ತದೆ. ಎಂಜಿನ್ ನಿಂತಿರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿ, ಆಮೇಲೆ ಸ್ಟಾರ್ಟ್ ಆದರೆ ಅನುಮಾನ ಗಟ್ಟಿಯಾಯಿತು. ಕಾಮನ್ ರೈಲ್ (ರೈಲ್ ಅನ್ನುವ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಒತ್ತಡದ ಡೀಸೆಲ್ ಕೊಡುವ ಬಗೆ) ಆದರೆ ಸವೆದ ಇಂಜೆಕ್ಟರುಗಳು ಡೀಸೆಲ್ಲನ್ನು ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪಿಗೆ ಬಿಟ್ಟುಬಿಡುತ್ತವೆ, ರೈಲಿನಲ್ಲಿ ಸ್ಟಾರ್ಟಿಗೆ ಬೇಕಾದ ಒತ್ತಡ ಏರೋದೇ ಇಲ್ಲ. ನಾಲ್ಕು ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ನೋಡಿದರೆ ಯಾವುದು ಹೆಚ್ಚು ತುಂಬುತ್ತದೋ ಅದೇ ಕಳ್ಳ. ಪೆಟ್ರೋಲ್ ಇಂಜೆಕ್ಷನ್ ಕಾರಾದರೆ ಒಂದು ಸುಲಭ ಉಪಾಯ: ಸೆಲ್ಫ್ ಹೊಡೆಯುವ ಮೊದಲು ಕೀಯನ್ನು ಮೂರು ಸಲ ಆನ್ ಮಾಡಿ ಆಫ್ ಮಾಡಿ, ಪ್ರತಿ ಸಲ ಟ್ಯಾಂಕಿನ ಪಂಪ್ ಗುಂಯ್ ಎಂದು ನಿಲ್ಲುವವರೆಗೆ ಕಾಯಿರಿ. ಆಮೇಲೆ ತಕ್ಷಣ ಸ್ಟಾರ್ಟ್ ಆಯಿತೆಂದರೆ ರಾತ್ರಿ ಲೈನಿನ ಒತ್ತಡ ಇಳಿದುಹೋಗುತ್ತಿದೆ ಅಂತ ಅರ್ಥ.

ಕೊನೆಗೆ ಉಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಒತ್ತಡ. ಹೀಟರ್ ಪ್ಲಗ್ ತೂತಿಗೇ ಗೇಜ್ ಸಿಕ್ಕಿಸಿ ನೋಡಿದೆವು. ಮೂರು ಸಿಲಿಂಡರ್ 26 ಬಾರ್ ಆಸುಪಾಸು, ನಾಲ್ಕನೆಯದು 21. ಲೇತಿನವರು ಹೇಳಿದ್ದರಲ್ಲೂ ಹುರುಳಿತ್ತು ಅಂತಾಯಿತು. ಆದರೆ ಮೇಸ್ತ್ರಿ ಅದಕ್ಕೂ ಮೊದಲು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಗ್ಯಾಪ್, ನೋಡಿದರು. ತುಂಬಾ ಓಡಿದ ಎಂಜಿನ್ನಿನಲ್ಲಿ ವಾಲ್ವ್ ಸೀಟು ಸವೆದು ಒಳಗಿಳಿಯುತ್ತದೆ, ಟ್ಯಾಪೆಟ್ ಗ್ಯಾಪ್ ಮುಚ್ಚಿಹೋಗುತ್ತದೆ, ವಾಲ್ವ್ ಪೂರ್ತಿ ಕೂರೋದಿಲ್ಲ. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಫೀಲರ್ ಗೇಜಿನ ತೆಳು ಎಲೆಯೂ ತೂರಲಿಲ್ಲ. ಸೆಟ್ ಮಾಡಿದ ಮೇಲೆ 21 ಇದ್ದದ್ದು 24ಕ್ಕೆ ಬಂತು.

24 ಸಾಕೇ? ಬೋರ್ ಕೆಲಸದ ಅಂದಾಜು ಕೇಳಿದರೆ ಜೀಪಿನ ಬೆಲೆಯ ಹತ್ತಿರ ಹತ್ತಿರ ಬರುತ್ತದೆ. ತಮ್ಮ ಮಾಡಿಸೋಣ ಅನ್ನುತ್ತಾನೆ, ಚಿಕ್ಕಪ್ಪ ಬೇಡ ಅನ್ನುತ್ತಾರೆ. ಸದ್ಯಕ್ಕೆ ಎರಡು ಸಲ ಹೀಟರ್ ಕೊಟ್ಟು ಸೆಲ್ಫ್ ಹೊಡೆದರೆ ಜೀಪು ಸ್ಟಾರ್ಟ್ ಆಗುತ್ತಿದೆ. ಟ್ಯಾಂಕಿನಿಂದ ಬರುವ ಉಳಿದ ರಬ್ಬರ್ ಪೈಪುಗಳನ್ನೂ ಮಳೆಗಾಲದೊಳಗೆ ಬದಲಾಯಿಸಿ ಅಂತ ಮೇಸ್ತ್ರಿ ಹೇಳಿದ್ದಾರೆ, ಅದಿನ್ನೂ ಆಗಬೇಕು.